ತಾಯಮ್ಮತ್ತೆ ನಿಂತಿರುವ ಕಾರ್ಡು ಹಳೆಯದೇ?

ಮೊನ್ನೆ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಶ್ರೀರಂಗಪಟ್ಟಣದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದ ಗೋಡೆಗೆ ಒಬ್ಬಾತ ಯಾವುದೋ ನಾಟಕದ ಪೋಸ್ಟರ್ ಅಂಟಿಸುತ್ತಿದ್ದ. ಎಲ್ಲದಕ್ಕೂ ಫ್ಲೆಕ್ಸ್ ಕಟ್ಟುವ ಈ ಕಾಲದಲ್ಲಿ ಬಕೆಟ್ಟಿನ ತುಂಬ ಮೈದಾ ಅಂಟು ಕಾಯಿಸಿಕೊಂಡು ಬರುವವರನ್ನು ನೋಡಿ ಎಷ್ಟೋ ದಿನವಾಗಿತ್ತು. ಮೈಲುತುತ್ತ ಬೆರೆಸಿದ ಆ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಾಗಮಂಗಲದಲ್ಲಿ ಬೋರೇಗೌಡನ ಅಂಗಡಿಯೊಳಗೆ ನಿಂತ ಹಾಗಾಯಿತು. ಬಸ್ಸು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟು ಹೊತ್ತು ನೀವೂ ನನ್ನ ಪಕ್ಕದಲ್ಲಿ ಕೂತಿದ್ದಿರಿ ಎಂದುಕೊಳ್ಳಿ, ಅವನ ವಿಷಯ ಹೇಳುತ್ತೇನೆ.

ಬೋರೇಗೌಡ ದೇವಲಾಪುರದ ಕಡೆಯವನು, ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನು. ನಾಗಮಂಗಲದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದಾನೆ, ರಟ್ಟು ಅಂಟಿಸಲು ಇವತ್ತಿಗೂ ಅದೇ ಮೈದಾ ಅಂಟು ಕಾಯಿಸುತ್ತಾನೆ. ಯಾರೇ ಫೋಟೋ ಹಿಡಿದು ಬರಲಿ, ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅವನು ಕೇಳುವ ಪ್ರಶ್ನೆ ಒಂದೇ: "ಅವ್ರಾ, ಓಗ್ಬುಟ್ರಾ?" ಹೊಸಬರು ಬೆಚ್ಚಿಬೀಳುತ್ತಾರೆ. ಆದರೆ ಅವನ ಕೆಲಸವೆಲ್ಲ ನಿಂತಿರುವುದು ಈ ಪ್ರಶ್ನೆಯ ಉತ್ತರದ ಮೇಲೆ. ಇದ್ದಾರೆ ಅಂದರೆ ಚಿನ್ನದ ಬಣ್ಣದ ಕಟ್ಟು. ಹೋಗಿದ್ದಾರೆ ಅಂದರೆ ಕಪ್ಪು ಕಟ್ಟು, ಅದರ ಮೇಲೊಂದು ಗಂಧದ ಹಾರ, ಕೆಳಗೊಂದು ಕೆಂಪು ಬಲ್ಬು. ನನ್ನ ಮದುವೆ ಫೋಟೋ ಕೊಟ್ಟಾಗ, ಆ ಮದುವೆಯಲ್ಲಿ ಎರಡನೇ ಪಂಕ್ತಿಗೂ ಕೂತು ಉಂಡು ಬಂದ ಈ ಮಹಾನುಭಾವ, ನನ್ನ ಮುಖ ನೋಡಿಕೊಂಡೇ ಅದೇ ಪ್ರಶ್ನೆ ಕೇಳಿದ್ದ. ಹೆಂಡತಿಯ ಎದುರಿಗೇ "ಸದ್ಯಕ್ಕೆ ಇದ್ದೀನಪ್ಪ" ಅಂದಿದ್ದೆ.

ನಾನು ಪಾಂಡವಪುರದ ಹತ್ತಿರದ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಊರಿನವರು ತರುವ ಹಾಲನ್ನು ಅಳೆದು, ಅದರ ಡಿಗ್ರಿ ನೋಡಿ, ಬೈಸಿಕೊಳ್ಳುವುದು ನನ್ನ ಉದ್ಯೋಗ. ಇಂಥ ನನಗೂ ಕಟ್ಟು ಹಾಕುವ ಬೋರೇಗೌಡನಿಗೂ ಹಳೆಯ ಚಿತ್ರದ ಪೋಸ್ಟ್‌ಕಾರ್ಡು ಸೇರಿಸುವ ಹುಚ್ಚು ಹಿಡಿದದ್ದು ದೇವರ ದಯೆಯಿಂದ. ಮಾತಿಗೆ ಹೇಳುತ್ತಿಲ್ಲ. ಹಿಂದಿನ ಕಾಲದ ಕಟ್ಟಿನವರು ದೇವರ ಪಟದ ಹಿಂಭಾಗಕ್ಕೆ ಒತ್ತು ಕೊಡಲು ಕೈಗೆ ಸಿಕ್ಕಿದ ರಟ್ಟನ್ನೆಲ್ಲ ತುರುಕುತ್ತಿದ್ದರು. ಗೆದ್ದಲು ಹಿಡಿದ ಪಟಗಳನ್ನು ಬೋರೇಗೌಡ ಬಿಚ್ಚಿದಾಗ ಲಕ್ಷ್ಮಿಯ ಬೆನ್ನಿಗೆ ಮೈಸೂರು ಅರಮನೆ, ತಿಮ್ಮಪ್ಪನ ಬೆನ್ನಿಗೆ ಶ್ರೀರಂಗಪಟ್ಟಣದ ಕೋಟೆ, ಹೀಗೆ ಒಂದೊಂದೇ ಕಾರ್ಡು ಹೊರಬಂದವು. ಮೊದಮೊದಲು ಒಲೆಗೆ ಹಾಕುತ್ತಿದ್ದನಂತೆ. ಒಂದು ದಿನ ನಾನು ಅಲ್ಲಿದ್ದೆ, ಒಂದನ್ನು ಕಿತ್ತುಕೊಂಡೆ. ನಾನು ಕಿತ್ತುಕೊಂಡ ಮೇಲೆ ಅವನಿಗೂ ಬೇಕೆನಿಸಿತು. ಹೀಗೆ ನಮ್ಮಿಬ್ಬರ ಸಂಘ ಹುಟ್ಟಿತು. ಅಧ್ಯಕ್ಷ ಅವನು, ಕಾರ್ಯದರ್ಶಿ ನಾನು, ಸದಸ್ಯರು ಯಾರೂ ಇಲ್ಲ.

ಸಂಘ ಹುಟ್ಟಿದ ಮೇಲೆ ನಿಯಮ ಬೇಕಲ್ಲ? ಹಳೆಯ ಕಾರ್ಡನ್ನು ಮಾತ್ರ ಆಲ್ಬಮ್ಮಿಗೆ ಸೇರಿಸುವುದು, ಹಳೆಯದಲ್ಲದ್ದನ್ನು ಕೇಳಿದವರಿಗೆ ಕೊಟ್ಟುಬಿಡುವುದು ಎಂದು ಮೊದಲ ದಿನವೇ ತೀರ್ಮಾನವಾಯಿತು. ಆದರೆ ಹಳೆಯದು ಅಂದರೆ ಯಾವುದು? ಹಾಲಿಗೆ ನೀರು ಬೆರೆಸಿದ್ದರೆ ಲ್ಯಾಕ್ಟೋಮೀಟರ್ ಹೇಳುತ್ತದೆ. ಕಾರ್ಡಿಗೆ ಅದ್ದಿ ನೋಡುವಂಥದ್ದು ಏನೂ ಇಲ್ಲ. ದೇವರ ಬೆನ್ನಿಗಿದ್ದ ಕಾರ್ಡುಗಳ ಮೇಲೆ ಬರಹವಿಲ್ಲ, ಮುದ್ರೆಯಿಲ್ಲ, ಇಸವಿಯಂತೂ ಇಲ್ಲವೇ ಇಲ್ಲ.

"ಬಣ್ಣ ಇದ್ರೆ ಒಸದು, ಕಪ್ಪುಬಿಳುಪು ಆದ್ರೆ ಹಳೇದು. ಅಷ್ಟೇ ಕಣ್ಲಾ, ಇದ್ರಲ್ಲೇನದೆ" ಎಂದ ಬೋರೇಗೌಡ. ಈ ನಿಯಮ ಒಂದು ವಾರ ಬಾಳಿತು. ಆಮೇಲೆ ಯಾರೋ ಕೈಯಿಂದಲೇ ಬಣ್ಣ ತುಂಬಿದ ಒಂದು ಕೋಟೆ ಕಾರ್ಡು ಸಿಕ್ಕಿತು. ಕೋಟೆಯ ಮುಂದೆ ಕೂತವರ ರುಮಾಲು ನೋಡಿದರೆ ನಮ್ಮ ತಾತನ ತಾತನೂ ಅವರಿಗೆ ಎದ್ದು ನಿಂತು ನಮಸ್ಕಾರ ಮಾಡಬೇಕು, ಹಾಗಿತ್ತು.

ಹಾಗಾದರೆ ನಾವು ಹುಟ್ಟುವುದಕ್ಕೆ ಮುಂಚಿನದೆಲ್ಲ ಹಳೆಯದು ಎಂದು ನಾನು ಸೂಚಿಸಿದೆ. ಕೇಳುವುದಕ್ಕೆ ನ್ಯಾಯವಾಗಿದೆ, ಅಲ್ಲವೇ? ಆದರೆ ಬೋರೇಗೌಡನಿಗೆ ಎರಡು ವಯಸ್ಸು. ನಮ್ಮ ಕಡೆ ಆಗೆಲ್ಲ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಕಿವಿ ಸಿಕ್ಕಿದರೆ ವಯಸ್ಸಾಗಿದೆ ಎಂದು ಲೆಕ್ಕ. ಬೋರೇಗೌಡನಿಗೆ ಹುಟ್ಟಿನಿಂದಲೇ ಕೋತಿಯ ತೋಳು, ಹಾಲು ಬಿಡುವ ಮೊದಲೇ ಕಿವಿ ಸಿಕ್ಕಿಬಿಟ್ಟಿತು. ಮೇಷ್ಟ್ರು ಬರೆದ ವಯಸ್ಸು ಒಂದು, ಅವನ ತಾಯಿ ಹೇಳುವುದು ಇನ್ನೊಂದು. ಕೇಳಿದರೆ ಅವರು, "ನಮ್ಮ ಕೆಂದಹಸ ಬಾವಿಗೆ ಬಿದ್ದಿತ್ತಲ್ಲ, ಆ ವರ್ಷ ಕಣಪ್ಪ ಇವ ಉಟ್ಟಿದ್ದು" ಎನ್ನುತ್ತಿದ್ದರು. ಕಾರ್ಡಿನ ವಯಸ್ಸೂ ಗೊತ್ತಿಲ್ಲ, ಅಧ್ಯಕ್ಷರ ವಯಸ್ಸೂ ಗೊತ್ತಿಲ್ಲ. ಆ ನಿಯಮವೂ ಬಾವಿಗೆ ಬಿತ್ತು.

ಕೊನೆಗೆ ದಾರಿ ತೋರಿಸಿದ್ದು ಅಂಗಡಿಯ ಪ್ರಶ್ನೆಯೇ. "ಕಾರ್ಡ್ನಲ್ಲಿ ಇರೋರು ಅವ್ರಾ, ಓಗ್ಬುಟ್ರಾ ಅಂತ ನೋಡದು. ಎಲ್ಲಾ ಓಗ್ಬುಟ್ಟಿದ್ರೆ ಹಳೇದು. ಒಬ್ರು ಉಳ್ದಿದ್ರೂ ಅಲ್ಲ" ಎಂದ ಬೋರೇಗೌಡ. ನನಗೆ ಮೈ ಜುಮ್ಮೆಂದಿತು. ಇಷ್ಟು ಸರಳವಾದದ್ದು ಯಾಕೆ ಯಾರಿಗೂ ಹೊಳೆದಿಲ್ಲವೋ! ಕಾರ್ಡಿನಲ್ಲಿ ಮನುಷ್ಯರಿಲ್ಲದೆ ಎತ್ತು ಮಾತ್ರ ಇದ್ದರೆ ಕಷ್ಟವೇ ಇಲ್ಲ, ಎತ್ತು ಅಷ್ಟು ವರ್ಷ ಬಾಳುವುದಿಲ್ಲ. ಆನೆಯಿದ್ದರೆ ಸ್ವಲ್ಪ ಅನುಮಾನ. ನಿಜವಾದ ಪೇಚು ಬಂದದ್ದು ರಂಗನತಿಟ್ಟಿನ ಒಂದು ಕಾರ್ಡಿನಿಂದ. ಅದರಲ್ಲಿ ಇದ್ದದ್ದು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಒಂದು ಮೊಸಳೆ. ಮೊಸಳೆಗಳು ಬಹಳ ವರ್ಷ ಬದುಕುತ್ತವಂತೆ. ಇದೆಯೋ, ಹೋಗಿದೆಯೋ? ಭಾನುವಾರ ಇಬ್ಬರೂ ಹೋಗಿ ದೋಣಿ ಹತ್ತಿದೆವು. ಬೋರೇಗೌಡ ಕಾರ್ಡನ್ನು ದೋಣಿಯವನ ಮುಖಕ್ಕೆ ಹಿಡಿದು "ಇದು ಅದಾ?" ಎಂದು ಕೇಳಿದ. ಆತ ಕಾರ್ಡು ನೋಡಿದ, ನಮ್ಮನ್ನು ನೋಡಿದ, ಆಮೇಲೆ ಎದುರಿಗಿದ್ದ ಮೊಸಳೆ ತೋರಿಸಿ "ಅದೇ ಸಾರ್ ಇದು" ಎಂದ. ಮುಂದಿನ ಬಂಡೆಯ ಮೊಸಳೆಗೂ ಹಾಗೆಯೇ ಎಂದ. ಅದರ ಮುಂದಿನದಕ್ಕೂ. ಮೊಸಳೆ ಕಾರ್ಡನ್ನು ತೀರ್ಮಾನವಾಗದವುಗಳ ಡಬ್ಬಕ್ಕೆ ಹಾಕಿದೆವು. ಇಂದಿಗೂ ಅದು ಅಲ್ಲೇ ಇದೆ.

ಇನ್ನು ತಾಯಮ್ಮತ್ತೆ. ನನ್ನ ತಂದೆಯ ತಂಗಿ, ಕೆ.ಆರ್.ಪೇಟೆಯಲ್ಲಿದ್ದಾರೆ. ಮಾತು ಜೋರು, ಕೈ ಧಾರಾಳ. ಅವರ ಗಂಡ, ನಮ್ಮ ಮಾವ, ಬದುಕಿದ್ದಷ್ಟು ದಿನವೂ ಗತ್ತಿನ ಮನುಷ್ಯ. ನೀರಿನ ಲೋಟ ಕೈಗೆಟುಕುವಂತಿದ್ದರೂ ಅತ್ತೆ ಅಡುಗೆಮನೆಯಿಂದ ಬಂದು ಎತ್ತಿಕೊಡಬೇಕಾಗಿತ್ತು. ಅವರು ತೀರಿಕೊಂಡ ಮರುವರ್ಷದ ಯುಗಾದಿಗೆ ನಾನು ಆಲ್ಬಮ್ಮು ತೆಗೆದುಕೊಂಡು ಅತ್ತೆಯ ಮನೆಗೆ ಹೋಗಿದ್ದೆ. ಅತ್ತೆ ಒಬ್ಬಟ್ಟು ತಟ್ಟುತ್ತಾ, ನಾನು ತಿರುಗಿಸುವ ಹಾಳೆಗಳನ್ನು ಓರೆಗಣ್ಣಲ್ಲಿ ನೋಡುತ್ತಾ "ಊಂ, ಊಂ" ಅನ್ನುತ್ತಿದ್ದವರು, ಕೆ.ಆರ್.ಎಸ್. ಉದ್ಯಾನದ ಕಾರ್ಡು ಬಂದಾಗ ಒಬ್ಬಟ್ಟನ್ನು ಹೆಂಚಿನ ಮೇಲೆ ಬಿಟ್ಟು ಹತ್ತಿರ ಬಂದರು.

ಆ ಕಾರ್ಡು ನಮ್ಮ ಸಂಘದ ಹೆಮ್ಮೆ. ಕಾರಂಜಿಗಳು, ಹಿಂದೆ ಅಣೆಕಟ್ಟೆ, ಮುಂದೆ ಹಾದಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸಿನ ಕೈಯಲ್ಲಿ ಏನೋ ಜೋತಾಡುತ್ತಿದೆ. ಅದು ಮೀನು ಎಂದು ಬೋರೇಗೌಡನ ವಾದ. ಕಟ್ಟೆಯಲ್ಲಿ ಹಿಡಿದ ಮೀನನ್ನು ಉದ್ಯಾನದಲ್ಲಿ ಮಾರಲು ಬಂದ ಗಂಡಹೆಂಡಿರು, ಇಬ್ಬರೂ ಎಂದೋ ಹೋಗಿರಬೇಕು ಎಂದು ಅವನು ಕಥೆಯನ್ನೇ ಕಟ್ಟಿದ್ದ.

"ಇದು ನಾನು ಕಣ್ಲಾ" ಎಂದರು ಅತ್ತೆ. "ಇದು ನಿಮ್ಮ ಮಾವ."

"ಮಾವ ಮೀನು ಹಿಡ್ಕಂಡಿದ್ದಾರಲ್ಲತ್ತೆ?"

"ಮೀನಂತೆ ಮೀನು! ಅದು ನನ್ನ ಚಪ್ಲಿ. ಮದುವೆಯಾದ ಒಸದ್ರಲ್ಲಿ ಕರ್ಕಂಡೋಗಿದ್ರು. ಒಸ ಚಪ್ಲಿ ಕಚ್ಚಿ ಕಾಲು ಗುಳ್ಳೆ ಬಂದು, ನಡೆಯಕ್ಕಾಗ್ದೆ ನಿಂತ್ಬುಟ್ಟೆ. ಆಗ ತಾವೇ ಬಗ್ಗಿ ತಕ್ಕಂಡು, ಬಸ್ಸತ್ತೋಗಂಟ ಕೈಲೇ ಇಟ್ಕಂಡಿದ್ರು. ನೋಡು, ನಾನು ಒಂದು ಕಾಲೆತ್ತಿ ನಿಂತಿವ್ನಿ."

ನೋಡಿದೆ. ಹೆಂಗಸು ನಿಜವಾಗಿಯೂ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತಿದ್ದಳು. ಒಬ್ಬಟ್ಟು ಸೀದ ವಾಸನೆ ಬರುತ್ತಿತ್ತು, ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. "ಈ ಮಾತ ಯಾರ್ಗೇಳಿದ್ರೂ ನಂಬ್ನಿಲ್ಲ ಕಣ್ಲಾ. ಅವರು ಚಪ್ಲಿ ಇಡ್ಕಂಡಿದ್ರಾ ಅಂತ ನಗಾಡೋರು. ಬತ್ತಾ ಬತ್ತಾ ನಂಗೇ ಅನುಮಾನ ಬಂದ್ಬುಟ್ಟಿತ್ತು. ಇದ ನಂಗೆ ಕೊಟ್ಬುಡು" ಎಂದರು.

ನಮ್ಮ ನಿಯಮದ ಪ್ರಕಾರ ಅತ್ತೆ ಇರುವವರೆಗೆ ಅದು ಹಳೆಯದಲ್ಲ, ಕೇಳಿದರೆ ಕೊಡಬೇಕು. ಆದರೆ ಕಾರ್ಡು ಸಿಕ್ಕಿದ್ದು ಬೋರೇಗೌಡನಿಗೆ, ಅವನನ್ನು ಕೇಳಬೇಕು. ಹಳೆಯದಲ್ಲವೆಂದು ಅಧ್ಯಕ್ಷರು ಒಪ್ಪಿದರೆ ಮಾತ್ರ ಕೊಡಬಹುದು ಎಂದು ಅತ್ತೆಗೆ ಸಬೂಬು ಹೇಳಿ ಆಲ್ಬಮ್ಮು ಮುಚ್ಚಿಕೊಂಡು ನಾಗಮಂಗಲಕ್ಕೆ ಓಡಿದೆ.

ಒಬ್ಬರು ಉಳಿದಿದ್ದರೂ ಹಳೆಯದಲ್ಲ ಎಂದಿದ್ದ ತನ್ನ ಮಾತನ್ನೇ ಮರೆತವನಂತೆ ಬೋರೇಗೌಡ ಗಂಭೀರವಾಗಿ ಯೋಚಿಸಿದ. "ಮಾವ ಓಗವ್ರೆ. ಅತ್ತೆ ಅವ್ರೆ. ಅಂದ್ರೆ ಕಾರ್ಡು ಅರ್ಧ ಹಳೇದು." ಅರ್ಧ ಹಳೆಯದನ್ನು ಏನು ಮಾಡಬೇಕು? ಕತ್ತರಿ ಹಾಕಿ ಅತ್ತೆಯ ಅರ್ಧವನ್ನು ಅತ್ತೆಗೆ ಕೊಟ್ಟರೆ ಚಪ್ಪಲಿ ನಮ್ಮ ಪಾಲಿಗೆ ಉಳಿಯುತ್ತದೆ. ಅವನಿಗೆ ಆ ಕಾರ್ಡಿನ ಮೇಲೆ ಪ್ರಾಣ. ಮೀನಲ್ಲ, ಚಪ್ಪಲಿ ಎಂದು ತಿಳಿದ ಮೇಲಂತೂ ಇಮ್ಮಡಿಯಾಯಿತು. ಶ್ರೀರಂಗಪಟ್ಟಣದ ಒಂದು ಶಾಲೆಯವರು ನಮ್ಮ ಕಾರ್ಡುಗಳನ್ನು ಪ್ರದರ್ಶನಕ್ಕಿಡಿ ಎಂದು ಕೇಳಿದ್ದರು. ಅದು ಮುಗಿದ ಮೇಲೆ ತೀರ್ಮಾನ ಮಾಡೋಣ ಎಂದು ಮುಂದಕ್ಕೆ ಹಾಕಿದೆವು.

ಅಂದಿನಿಂದ ಬೋರೇಗೌಡ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು, "ಅತ್ತೆ ಎಂಗವ್ರೆ?" ಮಂಡಿನೋವು ಎಂದರೆ "ಮಂಡೀನಾ? ಎದೆ ಗಿದೆ ಏನೂ ಇಲ್ವಾ?" ಎನ್ನುವನು. ನನಗೆ ರೇಗಿ ಹೋಯಿತು. "ಏನ್ಲಾ, ಕಾಯ್ತಾ ಕೂತಿದ್ದೀಯಾ?" ಎಂದೆ. "ಚೆ ಚೆ, ಬುಡ್ತು ಅನ್ನು! ಇಚಾರುಸ್ದೆ ಅಷ್ಟೇ ಕಣ್ಲಾ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡದ್ದು ಫೋನಿನಲ್ಲೇ ಕೇಳಿಸಿತು. ಅತ್ತೆಗೆ ಮಾತ್ರ ಅವನ ಮೇಲೆ ಬಹಳ ಅಭಿಮಾನ ಬಂದಿತ್ತು. "ಒಡುಟ್ಟಿದೋರೂ ಇಂಗೆ ಇಚಾರ್ಸಕಿಲ್ಲ" ಎಂದು ಅವನಿಗೆ ಡಬ್ಬದ ತುಂಬ ಕಜ್ಜಾಯ ಕಳಿಸಿದರು. ಅವನು ಅದನ್ನು ತಿನ್ನುವಾಗ ಅವನ ಮುಖ ನೋಡಬೇಕಿತ್ತು ನೀವು. ನಾಚಿಕೊಂಡೇ ತಿಂದ, ಆದರೆ ಪೂರ್ತಿ ತಿಂದ.

ಪ್ರದರ್ಶನದ ದಿನ ಬಂತು. ಹಳೆಯದೆಂದು ತೀರ್ಮಾನವಾದ ಕಾರ್ಡುಗಳಿಗೆಲ್ಲ ಬೋರೇಗೌಡ ಕಪ್ಪು ಕಟ್ಟು ಹಾಕಿ ತಂದಿದ್ದ. ನಾನು ಬೆಳಗಿನ ಹಾಲು ಕಳಿಸಿ ಹೋಗುವಷ್ಟರಲ್ಲಿ ಎಲ್ಲವನ್ನೂ ತೂಗುಹಾಕಿಯಾಗಿತ್ತು, ಜನವೂ ಸೇರಿದ್ದರು. ಕೆ.ಆರ್.ಪೇಟೆಯಿಂದ ತಾಯಮ್ಮತ್ತೆ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಿದ್ದರು. ಅಷ್ಟು ವರ್ಷ ನಂಬದೆ ನಕ್ಕವರೇ ಇವರು. ಇವತ್ತು ಇವರ ಕಣ್ಣಿಗೆ ಚಪ್ಪಲಿ ತೋರಿಸಿ ಬಾಯಿ ಮುಚ್ಚಿಸಬೇಕೆಂದು ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು.

ಅವರ ಹಿಂದೆಯೇ ಹೋದ ನಾನು ಆ ಕಾರ್ಡಿನ ಮುಂದೆ ಕಲ್ಲಾದೆ. ಕಪ್ಪು ಕಟ್ಟು. ಅದಕ್ಕೆ ಈ ತುದಿಯಿಂದ ಆ ತುದಿಗೆ ಗಂಧದ ಹಾರ. ಕೆಳಗೆ ಕೆಂಪು ಬಲ್ಬು, ಉರಿಯುತ್ತಲೂ ಇತ್ತು.

ಅದರ ಮುಂದೆ ನಿಂತಿದ್ದ ಅಪರಿಚಿತ ಹೆಂಗಸೊಬ್ಬಳು ಕೈಮುಗಿದು, ಪಕ್ಕದಲ್ಲಿದ್ದ ಅತ್ತೆಯ ಕಡೆ ತಿರುಗಿ, "ಪಾಪ, ಗಂಡ ಹೆಂಡ್ತಿ ಜೊತೆಲೇ ಓಗವ್ರೆ ಅಂತ ಕಾಣ್ತದೆ ಕಣಕ್ಕ. ಎಂಥ ಚಿಕ್ಕ ವಯಸ್ಸು" ಎಂದಳು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಹಾರ ನೋಡಿದರು, ಬಲ್ಬು ನೋಡಿದರು. "ಊಂ ಕಣವ್ವ, ಪಾಪ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ನಾನು ಯಾವಾಗ್ಲಾ ಓಗ್ಬುಟ್ಟೆ?"

ಕೆ.ಆರ್.ಪೇಟೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅತ್ತೆ ಚಪ್ಪಲಿ ತೋರಿಸಲು ಕರೆತಂದವರು ಹಾರ ನೋಡುತ್ತಾ ನಿಂತರು. ಬದುಕಿನಲ್ಲಿ ಒಂದೇ ಒಂದು ಸಲ ಗೆಲ್ಲಲು ಬಂದವರನ್ನು ನಾವು ಹೀಗೆ ಮಾಡಿದ್ದೆವು. ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು.

ಬೋರೇಗೌಡ ಜನರನ್ನು ಸೀಳಿಕೊಂಡು ಓಡಿ ಬಂದ. "ಅತ್ತೇ, ತಪ್ಪಾಯ್ತು! ಬೇಕಂತ ಮಾಡ್ನಿಲ್ಲ. ಮಾವ ಓಗವ್ರೆ ಅಂತ ಕಪ್ಪುಕಟ್ಟು ಆಕ್ದೆ. ಕಪ್ಪುಕಟ್ಟು ಆಕುದ್ಮೇಲೆ ಕೈ ಅದ್ರ ಪಾಡಿಗದು ಆರಕ್ಕೋಗ್ಬುಡ್ತು, ಬಲ್ಬ್ಗೂ ಓಗ್ಬುಡ್ತು. ಇಷ್ಟು ವರ್ಷದ ಅಬ್ಯಾಸ" ಎನ್ನುತ್ತಾ ಹಾರಕ್ಕೆ ಕೈ ಹಾಕಿದ.

"ತಡಿಯಪ್ಪ" ಎಂದರು ಅತ್ತೆ. "ಅವರ್ಗಾಕಿದ್ದ ತಗೀಬಾರ್ದು. ನನ್ನ ಕಡೆಯಿಂದ ಮಾತ್ರ ಸರ್ಸು."

ನೂರಾರು ಫೋಟೋಗಳಿಗೆ ಕಣ್ಣು ಮುಚ್ಚಿ ಹಾರ ಹಾಕಿದ ಬೋರೇಗೌಡನಿಗೆ ಅರ್ಧ ಹಾರ ಹಾಕಿ ಅಭ್ಯಾಸವಿಲ್ಲ. ಬೆವರೊರೆಸಿಕೊಂಡು ಆ ಕಡೆ ಎಳೆದ, ಈ ಕಡೆ ಎಳೆದ. "ಇನ್ನೊಸಿ ಆ ಕಡೀಕೆ. ನನ್ನ ಭುಜ ಮುಚ್ತಾ ಅದೆ. ಊಂ, ಚಪ್ಲಿ ಕಾಣಂಗೆ ಬುಡು, ಚಪ್ಲಿ ಮುಖ್ಯ" ಎಂದು ಅತ್ತೆ ಹಿಂದೆ ನಿಂತು ಹೇಳಿಕೊಟ್ಟರು. ಕೊನೆಗೆ ಹಾರವೆಲ್ಲ ಮಾವನ ಮೇಲೆ ಗುಡ್ಡೆಯಾಗಿ, ಅತ್ತೆ ಒಂಟಿಕಾಲಿನಲ್ಲಿ ಹಾಯಾಗಿ ಹೊರಗೆ ನಿಂತರು. ಕೈಮುಗಿದಿದ್ದ ಆ ಹೆಂಗಸಿಗೆ ಆಗ ಅರ್ಥವಾಗಿ "ಅಯ್ಯೋ ಶಿವನೇ, ನೀವೇನಾ?" ಎಂದು ಅತ್ತೆಯ ಕೈ ಹಿಡಿದುಕೊಂಡಳು. "ನಾನೇ ಕಣವ್ವ. ಬಾ, ಕೈಲೇನದೆ ಅಂತ ನೋಡು. ನೀವೂ ಬರ್ರೇ ಇಲ್ಲಿ" ಎಂದು ಅತ್ತೆ ಬೀದಿಯವರನ್ನೆಲ್ಲ ಎಳೆದು ಒಬ್ಬೊಬ್ಬರ ಮೂಗನ್ನೂ ಗಾಜಿಗೆ ತಾಗಿಸಿದರು. ಚಪ್ಪಲಿಯೇ ಎಂದು ಎಲ್ಲರೂ ಒಪ್ಪಿದರು. ಬದುಕಿರುವವರಿಗೆ ಹಾರ ಹಾಕಿದರೆ ಆಯಸ್ಸು ಹೆಚ್ಚುತ್ತದೆ ಎಂದೂ ಅವರಲ್ಲೊಬ್ಬರು ಹೇಳಿದರು.

ಆಮೇಲೆ ಅತ್ತೆ ಸೊಂಟಕ್ಕೆ ಕೈಯಿಟ್ಟು ಅಧ್ಯಕ್ಷರನ್ನು ಕೇಳಿದರು. "ಈಗೇಳು. ಇದು ಹಳೇದೋ, ಅಲ್ವೋ?"

"ಅಲ್ಲ ಅತ್ತೆ."

"ಅಂಗಾರೆ ಕಟ್ಟು, ಆರ, ಬಲ್ಬು, ಎಲ್ಲಾ ನಂದೇ."

ಸಂಜೆ ಕೆ.ಆರ್.ಪೇಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಪಟವನ್ನು ತೊಡೆಯ ಮೇಲಿಟ್ಟುಕೊಂಡು, ಬಲ್ಬಿನ ವೈರು ಕಂಡಕ್ಟರನ ಕಾಲಿಗೆ ಸಿಕ್ಕುವಂತೆ ಬಿಟ್ಟುಕೊಂಡು ಅತ್ತೆ ಹೋದರು. ಬಸ್ಸು ಮರೆಯಾಗುವವರೆಗೂ ನೋಡುತ್ತಿದ್ದ ಬೋರೇಗೌಡ, "ಓದ್ರೆ ಓಗ್ಲಿ ಬುಡು, ಕಜ್ಜಾಯ ತಿಂದಿವ್ನಿ" ಎಂದ.

ಇದೆಲ್ಲ ಆಗಿ ವರ್ಷಗಳೇ ಕಳೆದವು. ಮೊನ್ನೆ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದದ್ದೂ ಅತ್ತೆಯ ಕೆಲಸಕ್ಕೇ. ಮಾವನ ಹಾರದ ದಾರ ಕಿತ್ತು ಚಕ್ಕೆಯೆಲ್ಲ ಉದುರುತ್ತಿದೆ, ಹೊಸದು ತಂದುಕೊಡು ಎಂದು ಫೋನು ಮಾಡಿದ್ದರು. "ಉದ್ದದ್ದೇ ತಕ್ಕಂಡ್ ಬಾ" ಎಂದದ್ದು ಯಾಕೆಂದು ನಾನು ಕೇಳಲಿಲ್ಲ. ಶ್ರೀರಂಗಪಟ್ಟಣದಲ್ಲಿ ಒಳ್ಳೆಯ ಗಂಧದ ಹಾರ ಸಿಗುತ್ತದೆ. ಕೊಂಡುಕೊಂಡು ಮಧ್ಯಾಹ್ನದ ಹೊತ್ತಿಗೆ ಕೆ.ಆರ್.ಪೇಟೆ ತಲುಪಿದೆ.

ಅತ್ತೆ ಈಗ ಗೋಡೆ ಹಿಡಿದು ನಡೆಯುತ್ತಾರೆ. ಕುರ್ಚಿಯಲ್ಲಿ ಕೂತು, ಕುರ್ಚಿಯಿಂದಲೇ ಯಜಮಾನಿಕೆ ಮಾಡಿದರು. ನಾನು ಸ್ಟೂಲು ಹತ್ತಿ ಮಾವನ ಕಡೆಗೆ ಹಾರ ಸಿಗಿಸಿ, ಉಳಿದದ್ದನ್ನು ಕತ್ತರಿಸಲು ಕತ್ತರಿ ಕೇಳಿದೆ.

"ಕತ್ರುಸ್ಬ್ಯಾಡ. ಉಳಿದಿದ್ದ ಪಟದ ಇಂದ್ಗಡೆ ಮಡ್ಚಿ ಸಿಗ್ಸು" ಎಂದರು ಅತ್ತೆ. "ಆಮ್ಯಾಕೆ ನೀನು ಇನ್ನೊಂದು ತರಕ್ಕೆ ಅಲಿಯಾದ್ಯಾಕೆ? ಎಳುದ್ರೆ ಸಾಕು, ಪೂರ್ತಿ ಆಯ್ತದೆ."

ಬೆಂಡೆಕಾಯಿ ತರಲು ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟರು. ಹಳೆಯದು ಯಾವುದೆಂದು ತಿಳಿಯಲು ಇಷ್ಟು ವರ್ಷ ನಾಲ್ಕು ತಾಲ್ಲೂಕು ಸುತ್ತಿ, ಮೊಸಳೆಯನ್ನೂ ವಿಚಾರಿಸಿ ಬಂದವನಿಗೆ, ಆ ಒಂದು ಕಾರ್ಡು ಹಳೆಯದಾಗುವುದು ಬೇಡವೇ ಬೇಡ ಎನ್ನಿಸಿತು. ಹಾರವನ್ನು ಹಿಂದಕ್ಕೆ ಮಡಚಿದೆ. ಸುತ್ತಿಗೆ ಇಸಕೊಂಡು ಅದರ ತುದಿಯನ್ನು ಕಟ್ಟಿನ ಮರಕ್ಕೆ ಸೇರಿಸಿ ಒಂದು ಮೊಳೆ ಹೊಡೆದೆ. ಪಕ್ಕದಲ್ಲಿ ಇನ್ನೊಂದು ಹೊಡೆದೆ. ಅದರ ಕೆಳಗೆ ಮತ್ತೊಂದು.

"ಒಂದು ಆರಕ್ಕೆ ಅಷ್ಟೊಂದು ಮೊಳೆ ಯಾಕ್ಲಾ?" ಎಂದರು ಅತ್ತೆ. "ಎಳುದ್ರೆ ಬರಬ್ಯಾಡ್ವಾ?"

"ಗಾಳಿ ಜಾಸ್ತಿ ಅತ್ತೆ."

"ಮನೆ ಒಳಗೆ ಎಲ್ಲಿಂದ್ಲಾ ಗಾಳಿ?"

ನಾನು ಇನ್ನೊಂದು ಮೊಳೆ ಕೇಳಿದೆ.